ಬಲಗಡೆಯ ಹೆಬ್ಬೆರಳು

...ಅಯ್ಯೋ, ಆ ಕಡೆ ಬೇಡ ಅಕ್ಕ, ಆ ಕಡೆ ಬೇಡ! ಈ ಕಡೆಯಿಂದ ಬನ್ನಿ. ಎಡಗಡೆಯಿಂದ ಶುರು ಮಾಡಿ. ಬಲಗಡೆ ಥಿನ್ನರ್ ಡಬ್ಬ ಇದೆ, ಹಳೇ ಬ್ಯಾಟರಿ ಇದೆ, ಚಿಂದಿ ಬಟ್ಟೆ ಇದೆ... ಬೇಕು ಅಂತ ಇಟ್ಟಿದ್ದಲ್ಲ ಮಾರಾಯ್ರೇ! ಬಣ್ಣ ಹೊಡಿಯೋನ ಶೆಡ್ ಅಂದ್ಮೇಲೆ ಹಿಂಗೇ ಇರೋದು. ನಕ್ಕಿರಲ್ಲಾ? ನಕ್ಕಿರಿ, ನಾನು ನೋಡಿದೆ. ನಲವತ್ತು ವರ್ಷ ಆದ್ಮೇಲೆ ಈ ಶೆಡ್ಡಿಗೆ ಕಾಲಿಟ್ಟಿದ್ದೀರಿ, ಬಂದ ತಕ್ಷಣ ಮಾಡಿದ ಮೊದಲ ಕೆಲಸ ನನ್ನ ನೋಡಿ ನಗೋದಾ, ಹೆಡ್ವಿಗ್ ಅಕ್ಕ? ಆಗ್ಲಿ ಬಿಡಿ. ಮಾತಂತೂ ಆಡಲ್ಲ ಅಂತ ಹಟ ತೊಟ್ಟಿದ್ದೀರಿ, ನಗುವಾದ್ರೂ ಬರ್ಲಿ.

ಕೂತ್ಕೊಳ್ಳಿ. ಈ ಸ್ಟೂಲು ಗಟ್ಟಿ ಇದೆ. ರೋಸ್ವಿತಾ ಈಗ ಬರ್ತಾಳೆ, ಬೆಣ್ಣೆ ಹಾಕಿದ ಪ್ರೆಟ್ಜೆಲ್ ತರೋಕೆ ಸೈಕಲ್ ಹತ್ತಿ ಬೇಕರಿಗೆ ಹೋಗಿದ್ದಾಳೆ. 'ನಮ್ಮ ಅತ್ತಿಗೆ ಬರ್ತಿದ್ದಾಳೆ, ನಮ್ಮ ಅತ್ತಿಗೆ ಬರ್ತಿದ್ದಾಳೆ' ಅಂತ ಬೆಳಿಗ್ಗೆಯಿಂದ ಮೂರು ಸಲ ಮೇಜಿನ ಬಟ್ಟೆ ಬದಲಾಯಿಸಿದಳು. ಹಳೇ ಕಾರುಗಳ ಸಂಘದೋರು ನಿನ್ನೆ ಫೋನ್ ಮಾಡಿದ್ರು. 'ವೆಂಡೆಲಿನ್, ನಿಮ್ಮ ಕಾರಿನ ಪರೀಕ್ಷೆಗೆ ನಾಳೆ ಹೆಡ್ವಿಗ್ ಬರ್ತಾರೆ' ಅಂದ್ರು. ನಾನು ಇನ್ಯಾರೂ ಸಿಗಲಿಲ್ವೇನ್ರಪ್ಪಾ ಅಂದೆ. ಅಂದ್ರೆ... ಖುಷಿಯಿಂದ ಅಂದೆ! ಅಷ್ಟು ದೊಡ್ಡ ಕೈ ನಮ್ಮ ಮನೆಗೆ ಬರೋದಾ ಅಂತ.

ಇದಾ? ಹೆಬ್ಬೆರಳಿನ ಮೇಲಿನ ಪಟ್ಟೀನಾ? ಏನಿಲ್ಲ, ಬೆಳಿಗ್ಗೆ ಬ್ರೆಡ್ ಕೊಯ್ಯುವಾಗ ಕುಯ್ದುಕೊಂಡೆ. ವಯಸ್ಸು ಅಕ್ಕ, ವಯಸ್ಸು. ರಕ್ತ ಕಾಣಿಸ್ತಿಲ್ಲ ಅಂದ್ರೆ... ನಿಂತಿದೆ. ನನ್ನ ರಕ್ತ ಬೇಗ ನಿಲ್ಲುತ್ತೆ. ಬೆರಳು ನೋಡಬೇಡಿ, ಕಾರು ನೋಡಿ!

ಹೆಂಗಿದೆ? ಎಪ್ಪತ್ನಾಲ್ಕರ ಗಾಡಿ. ಕಡು ಹಸಿರು. ಒಟ್ಮಾರ್ ಮಾವ ಇದನ್ನ ಕಾರ್ಖಾನೆ ಬಾಗಿಲಿಂದಲೇ ಓಡಿಸ್ಕೊಂಡು ಬಂದಿದ್ದು. ಅವತ್ತು ದಾರೀಲಿ ಒಂದು ಹನಿ ಮಳೆ ಬಿತ್ತು ಅಂತ ಸೇತುವೆ ಕೆಳಗೆ ಎರಡು ಗಂಟೆ ಕಾದ್ರಂತೆ, ಕಾರು ನೆನೆಯುತ್ತೆ ಅಂತ! ನಿಮಗೆ ಗೊತ್ತಿಲ್ದೇ ಇರೋದೇನಿದೆ, ನಿಮ್ಮ ಮಾವ. ಸಾಯೋವರೆಗೂ ಒಂದೇ ಮಾತು: ಇದಕ್ಕೆ ಯಾರೂ ಕುಂಚ ತಾಕಿಸಿಲ್ಲ, ಬಣ್ಣ ಸಿಂಪಡಿಸೋ ಗನ್ನು ಹಿಡಿದಿಲ್ಲ, ಕಾರ್ಖಾನೆ ಬಣ್ಣ ಕಾರ್ಖಾನೆ ಬಣ್ಣವಾಗೇ ಇದೆ. ಈಗ ರೋಸ್ವಿತಾಗೆ ಸಂಘದ ಆ ಹಿತ್ತಾಳೆ ಬಿಲ್ಲೆ ಬೇಕು. 'ಮೊದಲ ಬಣ್ಣ' ಅಂತ ಕೆತ್ತಿರುತ್ತಲ್ಲ, ಅದು. ಅಪ್ಪನ ಹೆಸರಲ್ಲಿ. ಅಪ್ಪನ ಫೋಟೋ ಪಕ್ಕ ಮೊಳೆ ಕೂಡ ಹೊಡೆದಾಗಿದೆ! ಬಿಲ್ಲೆ ಇನ್ನೂ ಬಂದಿಲ್ಲ, ಮೊಳೆ ರೆಡಿ. ದಿನಾ ಆ ಮೊಳೆ ನೋಡ್ಕೊಂಡು ಕಾಫಿ ಕುಡೀತಾಳೆ ಪಾಪ.

ಬಣ್ಣದ ದಪ್ಪ ಅಳೆಯೋ ಯಂತ್ರ ತೆಗೀತೀರಾ? ಬೇಡ್ವಾ? ಚೀಲದಲ್ಲೇ ಇರ್ಲಿ ಅಂತೀರಾ? ಅದೇ ಅಂದ್ಕೊಂಡೆ. ನಿಮ್ಮ ಕೈ ಮುಂದೆ ಯಂತ್ರ ಯಾಕೆ.

ಹಾಂ, ಹಂಗೆ... ಬೆರಳಿನ ಬೆನ್ನಿಂದ. ಅಬ್ಬಾ, ಇವತ್ತಿಗೂ ಹಂಗೇ ಸವರ್ತೀರಿ, ಮಗುವಿನ ಜ್ವರ ನೋಡೋ ಹಂಗೆ. ಸಿಕ್ತಾ ರವೆ? ಬಾಗಿಲ ಕೆಳಗಿನ ಆ ಪಟ್ಟೀಲಿ ಸಿಗಬೇಕು, ಸಣ್ಣ ರವೆ ಚೆಲ್ಲಿದ ಹಂಗೆ ತರಿ ತರಿ. ಎಳೇ ಹುಡುಗರು ಬರ್ತಾರೆ ನನ್ನ ಹತ್ರ, 'ಸಾರ್, ಕಾರೆಲ್ಲಾ ಕನ್ನಡಿ ಥರ ಇದೆ, ಕೆಳಗೆ ಯಾಕೆ ಒರಟು? ಯಾರೋ ಕೆಟ್ಟದಾಗಿ ಬಣ್ಣ ಹೊಡೆದಿದ್ದಾರೆ, ಉಪ್ಪುಕಾಗದ ಹಾಕಿ ನುಣ್ಣಗೆ ಮಾಡಿ' ಅಂತಾರೆ. ಬೈದು ಕಳಿಸ್ತೀನಿ! ಲೋ, ಅದು ಕಲ್ಲೇಟು ತಡೆಯೋಕೆ ಕಾರ್ಖಾನೇಲೇ ಬಳಿದಿದ್ದು ಕಣೋ, ಚಕ್ರದಿಂದ ಜಲ್ಲಿ ಸಿಡಿದ್ರೆ ಬಣ್ಣ ಚಕ್ಕೆ ಏಳಬಾರದು ಅಂತ. ದಪ್ಪ ಲೇಪ, ರಬ್ಬರಿನ ಹಂಗೆ. ನಮ್ಮ ಹೆಡ್ವಿಗ್ ಅಕ್ಕ ಹತ್ತೊಂಬತ್ತು ವರ್ಷ ನಿಂತು ಗನ್ನು ಹಿಡಿದು ಹೊಡೆದಿದ್ದು. ಅದನ್ನ ಉಜ್ಜಿ ತೆಗೆದ್ರೆ ಆ ಹೆಂಗಸಿನ ಅನ್ನಕ್ಕೆ ಮಣ್ಣು ಹಾಕಿದ ಹಂಗೆ! ಹಿಂಗೇ ಹೇಳ್ತೀನಿ, ದೇವರಾಣೆ. ನಿಮ್ಮ ಹೆಸರು ಹೇಳೇ ಹೇಳ್ತೀನಿ. ಮಾತಿಲ್ಲ ಕತೆಯಿಲ್ಲ ಅಂದ್ಮಾತ್ರಕ್ಕೆ ಹೆಸರೂ ಹೇಳಬಾರದಾ?

ಕೆಳಗೆ ಕೈ ಹಾಕಿ. ಜಾಕಿ ಕೊಡೋ ಜಾಗದ ಹಿಂದೆ. ಇನ್ನೂ ಸ್ವಲ್ಪ... ಹ್ಞೂಂ! ಸಿಕ್ತಲ್ಲಾ! ನಿಮ್ಮ ಹೆಬ್ಬೆರಳು! ನೋಡಿ ನೋಡಿ, ಕಣ್ಣು ತುಂಬಿಕೊಂಡ್ತು ನಿಮಗೆ. ಹಸಿ ಲೇಪಕ್ಕೆ ಹೆಬ್ಬೆರಳು ಒತ್ತಿ ದಪ್ಪ ನೋಡ್ತಿದ್ರಿ, ಯಾರಿಗೂ ಕಾಣದ ಜಾಗದಲ್ಲಿ. ಮೇಸ್ತ್ರಿಗೂ ಗೊತ್ತಿರಲಿಲ್ಲ. ನೀವೇ ಹೇಳಿದ್ದು! ನೆನಪಿದೆಯಾ, ಮಾವನ ಅರವತ್ತನೇ ಹುಟ್ಟುಹಬ್ಬ, ಭಾನುವಾರದ ಊಟ, ಅತ್ತೆ ಮಾಡಿದ ಹುರಿದ ಮಾಂಸ, ಮೊಟ್ಟೆ ಹಿಟ್ಟಿನ ಸ್ಪೆಟ್ಜ್ಲೆ... ಮಾವ ಕೇಳಿದ್ರು, 'ನನ್ನ ಕಾರಲ್ಲೂ ನಿನ್ನ ಬೆರಳಿದೆಯೇನಮ್ಮಾ?' ಅಂತ. ಊಟ ಬಿಟ್ಟು ಎಲ್ಲರೂ ಅಂಗಳಕ್ಕೆ ಓಡಿ, ಮಾವ ಒಳ್ಳೇ ಕೋಟು ಹಾಕ್ಕೊಂಡೇ ನೆಲದ ಮೇಲೆ ಮಲಗಿ ಟಾರ್ಚು ಬಿಟ್ಟು... 'ಇದೆ! ಇದೆ!' ಅಂತ ಕಾರಿನ ಕೆಳಗಿಂದ ಕೂಗಿದ್ರು. ಸೊಸೆ ಬೆರಳು ಮಾವನ ಕಾರಲ್ಲಿ! ಆ ಮುದುಕ ಅಷ್ಟು ನಕ್ಕಿದ್ದು ನಾನು ಆಮೇಲೆ ನೋಡಲೇ ಇಲ್ಲ.

ಸರಿ, ಮುಗೀತಲ್ಲ? ಎಡಗಡೆ ನೋಡಾಯ್ತು ಅಂದ್ರೆ ಬಲಗಡೆ ನೋಡಿದ ಹಂಗೇ. ಒಂದೇ ತಾಯಿ ಮಕ್ಕಳು ಎರಡೂ! ಪೆನ್ನು ಕೊಡ್ಲಾ? ಇಲ್ಲಿ ಸಹಿ ಹಾಕಿಬಿಟ್ರೆ... ಅಕ್ಕಾ, ಎಲ್ಲಿಗೆ ಎದ್ರಿ? ಮಂಡಿ ನೋವು ಅಂತಿದ್ರಲ್ಲ... ಅಂತಿರಲಿಲ್ವಾ? ಮಾತೇ ಆಡಿಲ್ಲ, ಹೌದು. ಇರಿ, ಇರಿ, ಬ್ಯಾಟರಿ ನಾನೇ ಎತ್ತಿಡ್ತೀನಿ, ನೀವು ಭಾರ ಎತ್ತಬೇಡಿ... ಎತ್ತಿಬಿಟ್ರಾ! ಎಪ್ಪತ್ತನಾಲ್ಕು ವರ್ಷಕ್ಕೆ ಏನು ರಟ್ಟೆ ಅಕ್ಕ ನಿಮ್ಮದು!

ಒಂದ್ಮಾತು ಹೇಳಿಬಿಡ್ತೀನಿ, ಈ ಕಡೆಗೆ ಬಿಸಿಲು ಜಾಸ್ತಿ. ಕಿಟಕಿ ಈ ಕಡೆಗಿದೆ ನೋಡಿ. ಐವತ್ತು ವರ್ಷ ಒಂದೇ ಕಡೆ ಬಿಸಿಲು ಬಿದ್ರೆ ಲೇಪ ಒಂಚೂರು... ಉಬ್ಬುತ್ತೆ. ರವೆ ದಪ್ಪ ಆಗುತ್ತೆ. ಅದಕ್ಕೇ ಮೊದಲೇ ಹೇಳ್ತಿದ್ದೀನಿ. ಏನು ಬೆರಳು ತೋರಿಸ್ತಿದ್ದೀರಿ, ಉತ್ತರದ ಕಿಟಕಿನಾ ಇದು? ಉತ್ತರವೇ ಇರ್ಬಹುದು. ಬಿಸಿಲು ಗೋಡೆಗೆ ಬಡಿದು ವಾಪಸ್ ಬರುತ್ತಲ್ಲ...

ಯಾಕೆ ಅಲ್ಲೇ ನಿಂತುಬಿಡ್ತು ಕೈ? ಮುಂದೆ ಹೋಗ್ಲಿ. ಮತ್ತೆ ಹಿಂದಕ್ಕೆ ಬಂದ್ರಾ? ಅಕ್ಕ, ಒಂದು ಜಾಗಾನ ಎಷ್ಟು ಸಲ ಸವರ್ತೀರಿ, ಬೆಕ್ಕಾ ಅದು? ಕಣ್ಣು ಬೇರೆ ಮುಚ್ಚಿಕೊಂಡ್ರಿ. ಪ್ರಾರ್ಥನೆ ಮಾಡ್ತಿದ್ದೀರಾ? ಆಮೆನ್! ಎದ್ದೇಳಿ, ಕಾಫಿ ಕುಡಿಯೋಣ.

ಸರಿ ಸರಿ. ನಿಮಗೆ ಅನುಮಾನ. ನಿಮ್ಮ ಕೆಲಸವೇ ಅನುಮಾನ ಪಡೋದು, ನನಗೇನೂ ಬೇಜಾರಿಲ್ಲ. ಹಂಗಿದ್ರೆ ಇನ್ನೂ ಕೆಳಗೆ ಕೈ ಹಾಕಿ. ಹಾಕಿ! ಜಾಕಿ ಜಾಗದ ಹಿಂದೆ. ಸಿಕ್ತಾ? ಸಿಕ್ಕೇ ಸಿಗುತ್ತೆ! ಈಗೇನಂತೀರಿ? ನಿಮ್ಮದೇ ಬೆರಳು, ಈ ಕಡೆನೂ! ಇನ್ನೇನು ಸಾಕ್ಷಿ ಬೇಕು? ನಿಮ್ಮ ಬೆರಳಿಗೆ ನೀವೇ ಸುಳ್ಳು ಹೇಳೋಕಾಗುತ್ತಾ?

...ಯಾಕೆ ನಗ್ತಿದ್ದೀರಿ?

ಅಕ್ಕ, ಯಾಕೆ ನಗ್ತಿದ್ದೀರಿ? ಕಾರು ಹಿಡ್ಕೊಳ್ಳಿ, ಬಿದ್ದೀರಿ! ಕಣ್ಣಲ್ಲಿ ನೀರು ಬರೋ ಹಂಗೆ ನಗೋಕೆ ನಾನೇನು ಹೇಳಿದೆ ಈಗ? ಏನು... ಸೀಮೆಸುಣ್ಣ ಬೇಕಾ? ತಗೊಳ್ಳಿ. ನೆಲದ ಮೇಲೆ ಬರೀತೀರಾ? ಬರೀರಿ, ಬಾಯಿ ಬಿಟ್ಟು ಹೇಳಬೇಡಿ ಮಾತ್ರ! ಕನ್ನಡಕ ಎಲ್ಲಿ ಹೋಯ್ತು ನಂದು... ಹಾಂ. ಒಂದು ಕಾರು ಬರೆದ್ರಿ. ಚೆನ್ನಾಗಿದೆ. ಈ ಕಡೆ ಒಬ್ಬಳು ಹೆಂಗಸು, ಗನ್ನು ಹಿಡಿದು. ಆ ಕಡೆ ಇನ್ನೊಬ್ಬಳು. ಎಡಗಡೆಯೋಳ ಕೆಳಗೆ... 'ಹೆಡ್ವಿಗ್'. ಬಲಗಡೆಯೋಳ ಕೆಳಗೆ... 'ನೆಬಾಹತ್'.

ನೆಬಾಹತ್. ಟರ್ಕಿಯಿಂದ ಬಂದಿದ್ದ ಆ ಎತ್ತರದ ಹೆಂಗಸು. ನಿಮ್ಮ ಮದುವೇಲಿ ಎಲ್ಲರಿಗಿಂತ ಚೆನ್ನಾಗಿ ಕುಣಿದೋಳು.

ಅಂದ್ರೆ... ನೀವು ಹತ್ತೊಂಬತ್ತು ವರ್ಷ ಎಡಗಡೆ ಮಾತ್ರ ಹೊಡೆದ್ರಾ? ಬರೀ ಎಡಗಡೆ? ಬಲಗಡೆ ಒಂದು ದಿನವೂ... ಇಲ್ಲ? ಮತ್ತೆ ಆ ಟರ್ಕಿ ಹೆಂಗಸು? ಅವಳೂ ಹೆಬ್ಬೆರಳು ಒತ್ತುತ್ತಿದ್ದಳು ತಾನೇ? ಒತ್ತುತ್ತಿದ್ದಳು ಅನ್ನಿ! ...ತಲೆ ಅಲ್ಲಾಡಿಸಬೇಡಿ ಹಂಗೆ. ಒಂದ್ಸಲವೂ ಇಲ್ಲ? ಯಾವ ಕಾರಿಗೂ?

ಅಯ್ಯೋ ನನ್ನ ಕರ್ಮವೇ. ಊಟಕ್ಕೆ ಕೂತಾಗ ಇದನ್ನ ಹೇಳಬಾರದಿತ್ತಾ! 'ಹೆಬ್ಬೆರಳು ಒತ್ತುತ್ತಿದ್ದೆ, ಹೆಬ್ಬೆರಳು ಒತ್ತುತ್ತಿದ್ದೆ' ಅಂತ ಅಷ್ಟು ಕತೆ ಹೇಳಿದೋರು, 'ಎಡಗಡೆ ಮಾತ್ರ' ಅನ್ನೋ ಎರಡು ಮಾತಿಗೆ ಬಾಯಲ್ಲಿ ಜಾಗ ಇರಲಿಲ್ವಾ ನಿಮಗೆ! ಮಾವನೂ ಒಂದೇ ಕಡೆ ನೋಡಿ ಎದ್ದು ಬಂದ್ರು...

ಏನಿಲ್ಲ. ಏನೂ ಹೇಳಲಿಲ್ಲ ನಾನು. ಅಂದ್ರೆ ಯಾರೋ ಪೇಂಟರು, ಯಾವಾಗಲೋ, ಈ ಕಡೆ ಕೆಲಸ ಮಾಡಿದ್ದಾನೆ ಅಂತಾಯ್ತು. ಕಳ್ಳ ನನ್ಮಗ! ಯಾರಿರಬಹುದು? ಮಾವ ಅಂತೂ ಅಲ್ಲ. ನೋಡಿ ಅಕ್ಕ, ಈಗ ನಾನೊಂದು ಹೇಳ್ತೀನಿ, ನೀವು ಸಿಟ್ಟಾಗಬಾರದು. ಎಂಬತ್ನಾಲ್ಕರಲ್ಲಿ ಮಾವ, ಅತ್ತೆ, ರೋಸ್ವಿತಾ ಮೂವರೂ ಅತ್ತೆಯ ಮಂಡಿಗೆ ಅಂತ ಕಾರು ಮನೇಲೇ ಬಿಟ್ಟು ಬಿಸಿನೀರಿನ ಬುಗ್ಗೆ ಊರಿಗೆ ಹೋಗಿ ಹನ್ನೆರಡು ದಿನ ಇದ್ರು. ವಾಪಸ್ ಬಂದು ಮಾವ ಮೀಟರ್ ನೋಡಿದ್ರೆ ಮೂವತ್ತೊಂದು ಕಿಲೋಮೀಟರ್ ಜಾಸ್ತಿ. ಅವರು ಎಲ್ಲಾ ಬರೆದಿಡ್ತಿದ್ರಲ್ಲ. ಅದರ ಹಿಂದಿನ ವಾರವೇ ನಿಮ್ಮ ಯಜಮಾನ್ರು, ಕೂನೋ ಭಾವ, ಕಾರು ಕೇಳಿದ್ರು, ಮಾವ ಕೊಟ್ಟಿರಲಿಲ್ಲ. ಬೀಗದ ಕೈ ಅಡುಗೆಮನೆ ಗೋಡೇಲಿ ನೇತಾಡ್ತಿತ್ತು. ಹಂಗಾಗಿ... ಬಹುಶಃ ಕೂನೋ ಭಾವನೇ ಅವತ್ತು ತಗೊಂಡು ಹೋಗಿ, ಎಲ್ಲೋ ತಾಗಿಸಿ, ಯಾವುದೋ ಊರಿನ ಪೇಂಟರಿಗೆ ಕೊಟ್ಟು...

ಹಂಗೆ ನೋಡಬೇಡಿ.

ನಾನು ಬಹುಶಃ ಅಂದೆ. ಅಕ್ಕ, ನಾನು ಬರೀ ಬಹುಶಃ ಅಂದೆ. ನಿಮ್ಮ ಗಂಡನ ಮೇಲೆ ನನಗೇನು ದ್ವೇಷವಾ? ಪಾಪ, ಆ ಮೀಟರ್ ಗಲಾಟೆಯ ಭಾನುವಾರ ಭಾವ ಊಟದ ಮೇಜಲ್ಲಿ 'ನಾನಲ್ಲ ಅಪ್ಪಾ' ಅಂದ್ರು. ಮಾವ 'ಸುಳ್ಳ' ಅಂದ್ರು. ಭಾವ ಫೋರ್ಕು ಕೆಳಗಿಟ್ಟು ಎದ್ದು ಹೋದ್ರು. ನೀವು ಕೂಸನ್ನ ಎತ್ಕೊಂಡು ಹಿಂದೆ ಹೋದ್ರಿ. ಅಷ್ಟೇ. ಆ ಬಾಗಿಲಿಗೆ ಮತ್ತೆ ಬರಲೇ ಇಲ್ಲ. ಮಾವ ಹೋದಾಗಲೂ ಭಾವ ಸ್ಮಶಾನದ ಗೇಟಿನ ಹೊರಗೆ ಟೋಪಿ ಕೈಲಿ ಹಿಡಿದು ನಿಂತಿದ್ರು, ಒಳಗೆ ಬರಲಿಲ್ಲ. ರೋಸ್ವಿತಾ ಅಣ್ಣನ ಕಡೆ ನೋಡ್ತಾ ನೋಡ್ತಾನೇ ಅಪ್ಪನ ಮೇಲೆ ಮಣ್ಣು ಹಾಕಿದಳು. ಪಾಪ ಅನಿಸ್ತು ನನಗೂ.

ನಾನಾ? ನಾನೇನ್ಮಾಡ್ತಿದ್ದೆ ಆ ಊಟದ ಹೊತ್ತಲ್ಲಿ? ನೆನಪಿಲ್ಲಪ್ಪ. ತಿಂತಿದ್ದೆ ಅನ್ಸುತ್ತೆ.

ಯಾಕೆ ನನ್ನ ಕೈ ಹಿಡ್ಕೊಂಡ್ರಿ?

ಅಕ್ಕ, ಗಾಯ ಅದು, ಬಿಚ್ಚಬೇಡಿ. ನಿಜವಾಗ್ಲೂ ಗಾಯ. ಬ್ರೆಡ್ ಚಾಕು... ಅಯ್ಯೋ ಬಿಡಿ ಅಂದ್ರೆ! ರೋಸ್ವಿತಾ ಬಂದ್ರೆ ಏನಂದ್ಕೋತಾಳೆ, ಈ ವಯಸ್ಸಲ್ಲಿ ಇಬ್ಬರೂ ಕೈ ಕೈ ಹಿಡ್ಕೊಂಡು... ಬಿಚ್ಚಿಬಿಟ್ರಿ. ಸರಿ, ಬಿಚ್ಚಾಯ್ತಲ್ಲ. ಗಾಯ ಇಲ್ಲ. ಹಳೇ ಗೀರು ಇದೆ ಅಷ್ಟೇ, ಅಡ್ಡಡ್ಡ. ಹದಿನಾಲ್ಕನೇ ವಯಸ್ಸಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸೋ ಕತ್ತಿ ಮಾಡಿದ್ದು. ನೋಡಿದ್ರಲ್ಲ? ಈಗ ಬಿಡಿ ಕೈನ.

ಎಲ್ಲಿಗೆ ಎಳೀತೀರಿ? ಬಗ್ಗೋಕಾಗಲ್ಲ ನನಗೆ, ಸೊಂಟ... ಆಹ್. ಸರಿ. ಬಗ್ಗಿದೆ. ತಗೊಳ್ಳಿ, ಒತ್ತಿ. ಎಲ್ಲಿಗೆ ಬೇಕೋ ಅಲ್ಲಿಗೆ ಒತ್ತಿ.

...

ಕೂತ್ಕೊಂಡ್ತು.

ಗೀರು ಸಮೇತ ಕೂತ್ಕೊಂಡ್ತು. ನಲವತ್ತು ವರ್ಷಕ್ಕೆ ಬೆರಳು ಒಂಚೂರೂ ದಪ್ಪ ಆಗಿಲ್ಲ ನೋಡಿ, ಹೊಟ್ಟೆ ಮಾತ್ರ ಆಗಿದ್ದು.

ಏನಾದ್ರೂ ಅನ್ನಿ ಅಕ್ಕ. ಬೈರಿ. ಆ ಸೀಮೆಸುಣ್ಣ ಎಸೀರಿ ನನ್ನ ಮುಖಕ್ಕೆ! ಹಿಂಗೆ ಸುಮ್ನೆ ಕೂತು ನೋಡಬೇಡಿ. ನೀವು ಬೈದಿದ್ರೆ ನಾನೂ ಏನಾದ್ರೂ ತಮಾಷೆ ಮಾಡಿ ತಪ್ಪಿಸ್ಕೊಳ್ತಿದ್ದೆ. ನೀವು ಸುಮ್ನಿದ್ರೆ ನಾನೆಲ್ಲಿಗೆ ಹೋಗ್ಲಿ?

ಸರಿ. ಹೇಳ್ತೀನಿ. ಆ ವರ್ಷ ಅಗ್ನಿಶಾಮಕದೋರ ಹಬ್ಬ ಇತ್ತಲ್ಲ, ನೀವೂ ಬಂದಿದ್ರಿ. ಪಿಯರ್ ಹಣ್ಣಿನ ಹುಳಿಮದ್ಯ ಕುಡಿದು, 'ವೆಂಡೆಲಿನ್, ಇಂಥಾ ಮೋಸ್ಟ್ ಎಲ್ಲಿಂದ ತಂದ್ಯೋ' ಅಂತ ಕೇಳಿದ್ರಿ. ಎರಡು ಲೋಟ ಕುಡಿದ್ರಿ, ಮೂರು! ಅದು ನನ್ನ ದೊಡ್ಡಪ್ಪನ ಮಗನ ಊರಿಂದ ತಂದಿದ್ದು. ಹೋಗಿ ಬರೋಕೆ ಮೂವತ್ತೊಂದು ಕಿಲೋಮೀಟರ್. ನನ್ನ ವ್ಯಾನು ಕೆಟ್ಟು ನಿಂತಿತ್ತು, ತರ್ತೀನಿ ಅಂತ ಊರಿಗೆಲ್ಲಾ ಹೇಳ್ಕೊಂಡಿದ್ದೆ. ಪೀಪಾಯಿ ಹಾರ್ಕೊಂಡು ಬರುತ್ತಾ? ಬೀಗದ ಕೈ ಗೋಡೇಲಿತ್ತು. ತಗೊಂಡೆ. ಹೋಗೋವಾಗ ಒಂದು ಗೀರಿಲ್ಲ, ಬರೋವಾಗ ಒಂದು ಗೀರಿಲ್ಲ, ದ್ರಾಕ್ಷಿ ತೋಟದ ದಾರೀಲಿ ರಾಜನ ಹಂಗೆ ಬಂದೆ! ಇಲ್ಲಿ, ಇದೇ ಬಾಗಿಲಲ್ಲಿ ಇಳಿಸೋವಾಗ ಹಾಳು ಪೀಪಾಯಿ ಕೈ ಜಾರಿ, ಉರುಳಿ, ನೇರ ಬಂದು ಇಲ್ಲಿಗೆ ಬಡೀತು. ಅಂಗೈ ಅಗಲ ತಗ್ಗು. ಬಣ್ಣ ಚಕ್ಕೆ ಎದ್ದು ಬಂತು. ನನ್ನ ಜೀವವೂ ಅದರ ಜೊತೆ ಎದ್ದು ಬಂತು.

ತಗ್ಗು ತೆಗೆದೆ, ಪುಟ್ಟಿ ಹಾಕಿದೆ, ಉಜ್ಜಿದೆ. ಎಷ್ಟು ಚೆನ್ನಾಗಿ ಉಜ್ಜಿದೆ ಗೊತ್ತಾ? ಮುಖ ನೋಡ್ಕೊಂಡು ಗಡ್ಡ ಕೆರೆದುಕೊಳ್ಳೋ ಹಂಗೆ. ಬಣ್ಣ ಹೊಡೆದು ಹಿಂದೆ ಸರಿದು ನೋಡ್ತೀನಿ, ಪಟ್ಟಿ ಪೂರ್ತಿ ಕನ್ನಡಿ! ಹಣೆ ಹಣೆ ಚಚ್ಚಿಕೊಂಡೆ. ನಾನೇ, ನಾನೇ ಆ ಎಳೇ ಹುಡುಗರ ಹಂಗೆ ನಿಮ್ಮ ರವೆನ ಉಜ್ಜಿ ತೆಗೆದುಬಿಟ್ಟಿದ್ದೆ! ಒಳ್ಳೇ ಪೇಂಟರ್ ಅನ್ನೋ ಜಂಬ ಅಕ್ಕ. ಒರಟು ಕಂಡ್ರೆ ಕೈ ಸುಮ್ನಿರಲ್ಲ. ಆಮೇಲೆ ಅದನ್ನೇ ಕೆಡಿಸೋಕೆ ಕೂತೆ. ರವೆ ಬರಲ್ಲ! ಗಾಳಿ ಜಾಸ್ತಿ ಆದ್ರೆ ಸಾಸಿವೆ, ಕಡಿಮೆ ಆದ್ರೆ ಗಂಜಿ. ಒಂದು ವಾರ ರೋಸ್ವಿತಾಳ ಕ್ರಿಸ್ಮಸ್ ಬಿಸ್ಕತ್ತಿನ ತಗಡುಗಳ ಮೇಲೆ ಹೊಡೆದು ಹೊಡೆದು ಕಲಿತೆ. ಅವಳು ಪ್ರತಿ ಡಿಸೆಂಬರಲ್ಲೂ ಆ ತಗಡು ಹುಡುಕ್ತಾಳೆ. ಹಿತ್ತಲಲ್ಲಿ ಹೂತಿದ್ದೀನಿ, ಹನ್ನೊಂದು. ಕೊನೇಗೆ ಬಂತು, ನೀವು ಹೊಡೆದಂಗೇ ಬಂತು. ಆಗ ನಿಮ್ಮ ಊಟದ ಕತೆ ನೆನಪಾಯ್ತು. ಹೆಬ್ಬೆರಳು ಒತ್ತಿದೆ. ಏನು ಬುದ್ಧಿವಂತ ನಾನು ಅಂದ್ಕೊಂಡೆ. ಒತ್ತದೇ ಇದ್ದಿದ್ರೆ ಇವತ್ತು ನೀವು ಅನುಮಾನ ಪಟ್ಟೇ ಎದ್ದು ಹೋಗ್ತಿದ್ರಿ, ಅಲ್ವಾ?

ಎಲ್ಲಾ ಸರಿ ಮಾಡಿದೆ. ಮೀಟರ್ ಮರೆತೆ.

ಆ ಭಾನುವಾರ... ನೆನಪಿದೆ ಅಕ್ಕ. ಎಲ್ಲಾ ನೆನಪಿದೆ. ಭಾವ ಎದ್ದು ಹೋದ್ಮೇಲೆ ಅತ್ತೆ ಅಳ್ತಿದ್ರು. ನಾನು 'ಅತ್ತೆ, ಇನ್ನೊಂದು ಸೌಟು ಗೊಜ್ಜು ಹಾಕಿ' ಅಂದೆ. ಬಾಯಿಗೆ ಬಂದಿದ್ದು ಅದೊಂದೇ. ಮಾವ ನನ್ನ ಬೆನ್ನು ತಟ್ಟಿ, 'ನನ್ನ ಕಾರಿಗೆ ಕೈ ಹಾಕದವನು ಈ ಮನೇಲಿ ಇವನೊಬ್ಬನೇ' ಅಂದ್ರು. ಕಾರು ಮಗಳಿಗೆ ಅಂತ ಅವತ್ತೇ ಹೇಳಿಬಿಟ್ರು. ನಾನು ಗೊಜ್ಜು ತಿಂದೆ. ನಾಳೆ ಹೇಳೋಣ ಅಂದ್ಕೊಂಡೆ. ಬರೋ ವಾರ ಹೇಳೋಣ. ಮಾವ ಹೋದ್ಮೇಲೆ ಹೇಳೋಣ. ಹೇಳಿದ್ರೆ ರೋಸ್ವಿತಾ ನನ್ನ ಮುಖ ನೋಡ್ತಾಳಾ? ಅಣ್ಣನಿಲ್ಲದೆ ಅವಳು ನಲವತ್ತು ಕ್ರಿಸ್ಮಸ್ ಮಾಡಿದ್ದಾಳೆ, ಅಕ್ಕ. ಪ್ರತಿ ಸಲ ಒಂದು ತಟ್ಟೆ ಜಾಸ್ತಿ ಇಡ್ತಾಳೆ, ಆಮೇಲೆ ತಾನೇ ತೆಗೀತಾಳೆ. ನಾನು ನೋಡಿಯೂ ನೋಡದವನ ಹಂಗೆ ಮೇಣದಬತ್ತಿ ಹಚ್ತೀನಿ. ಇನ್ನು ನನ್ನ ಕೈಲಾಗಲ್ಲ.

ಬರೀರಿ. 'ಬಲಗಡೆ ಮೊದಲ ಬಣ್ಣ ಅಲ್ಲ' ಅಂತ ಬರೀರಿ. ಆ ಮೊಳೆಗೆ ಕ್ಯಾಲೆಂಡರ್ ತೂಗಿ ಹಾಕ್ತೀನಿ. ...ಪೆನ್ನು ಯಾಕೆ ಒಳಗಿಟ್ರಿ?

ಏನು ಹುಡುಕ್ತಿದ್ದೀರಿ ಚೀಲದಲ್ಲಿ? ಕರ್ಚೀಫಾ? ನನ್ನ ಹತ್ರ ಇದೆ, ಥಿನ್ನರ್ ವಾಸನೆ ಬರುತ್ತೆ ಅಷ್ಟೇ... ಫೋನಾ? ಸಂಘಕ್ಕೆ ಹೇಳ್ತೀರಾ? ಹೇಳಿ. ಅಲ್ಲ, ಇದೇನು, ನನ್ನ ಕೈಗೆ ಯಾಕೆ ಕೊಡ್ತಿದ್ದೀರಿ? ರಿಂಗ್ ಆಗ್ತಿದೆ. ಯಾರಿಗೆ ಮಾಡಿದ್ರಿ?

...ಬೇಡ ಅಕ್ಕ. ಇವತ್ತು ಬೇಡ. ನಾಳೆ ಮನೆಗೇ ಬಂದು ಹೇಳ್ತೀನಿ, ಕೇಕ್ ತಗೊಂಡು ಬರ್ತೀನಿ, ಆಣೆ! ಇನ್ನೂ ರಿಂಗ್ ಆಗ್ತಿದೆ. ಎತ್ತಲ್ಲ ಬಿಡಿ. ತೋಟದಲ್ಲಿರ್ತಾರೆ ಈ ಹೊತ್ತಲ್ಲಿ. ಅಲ್ನೋಡಿ, ಸೈಕಲ್ ಬೆಲ್ಲು, ರೋಸ್ವಿತಾ ಬಂದಳು. ತಗೊಳ್ಳಿ ಫೋನು, ಅವಳ ಮುಂದೆ ಬೇಡ... ತಗೊಳ್ಳಲ್ವಾ? ಕೈ ಹಿಂದಕ್ಕೆ ಕಟ್ಕೊಂಡ್ರಾ?

ರೋಸ್ವಿತಾ, ಬುಟ್ಟಿ ಅಲ್ಲಿಡು. ಬಾ. ಇಲ್ಲ, ಕಾಫಿ ಆಮೇಲೆ. ನಗಬೇಡ, ನಾನೇನೂ ತಮಾಷೆ ಮಾಡ್ತಿಲ್ಲ. ಅತ್ತಿಗೆ ಪಕ್ಕ ನಿಂತ್ಕೋ, ಅವರ ಕೈ ಹಿಡ್ಕೋ. ನೀನೂ ಕೇಳು...

ಹಲೋ.

ಭಾವ, ಇಡಬೇಡಿ. ಹೆಡ್ವಿಗ್ ಅಲ್ಲ, ನಾನು, ವೆಂಡೆಲಿನ್. ಹೌದು, ಅವರ ಫೋನೇ. ಅವರು ಚೆನ್ನಾಗಿದ್ದಾರೆ, ಏನೂ ಆಗಿಲ್ಲ. ಒಂದು ನಿಮಿಷ ಇಡಬೇಡಿ ಭಾವ.

ಆ ಮೂವತ್ತೊಂದು ಕಿಲೋಮೀಟರ್ ನಂದು.